ಬಿತ್ತುವಟ್ಟ, ನೀರುಗಂಟಿ, ಹನಿ ನೀರಾವರಿ: ವೇದಾವತಿಯ ಸೀಮೆಯಲ್ಲಿ ನೀರಿನ ಲೆಕ್ಕ

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಬಂಡೆಯೊಂದರ ಮೇಲೆ ಕೊರೆದಿರುವ ಮಯೂರಶರ್ಮನ ಪ್ರಾಕೃತ ಶಾಸನ ಮೂರೇ ಸಾಲಿನದು. 1929ರ ಸುಮಾರಿಗೆ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದಂದಿನಿಂದ ನಡೆದ ಚರ್ಚೆಯೆಲ್ಲ ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಸಾಗಿದೆ. ಮಯೂರಶರ್ಮನು ಗೆದ್ದನೆನ್ನಲಾದ ತ್ರೈಕೂಟ, ಆಭೀರ, ಪಲ್ಲವ, ಪುನ್ನಾಟ ಮೊದಲಾದ ಹೆಸರುಗಳ ಓದು ಸರಿಯೇ ಅಲ್ಲವೇ ಎಂಬುದೇ ಆ ಪ್ರಶ್ನೆ. ಆ ಪಟ್ಟಿಯ ಓದನ್ನೇ ಮುಂದೆ ಕೆಲವರು ಅಲ್ಲಗಳೆದಿದ್ದಾರೆ. ಆದರೆ ಯಾರೂ ಅಲ್ಲಗಳೆಯದ ಸಂಗತಿಯೊಂದು ಆ ಬಂಡೆಯ ಮೇಲಿದೆ. ಕದಂಬರ ಮಯೂರಶರ್ಮನು ಅಲ್ಲಿ ಒಂದು ಕೆರೆಯನ್ನು ಮಾಡಿಸಿದನು. ಶಾಸನ ಹುಟ್ಟಿದ್ದೇ ಅದನ್ನು ಹೇಳಲು. ತಾಳಗುಂದದ ಸ್ತಂಭಶಾಸನದ ಕಥೆಯೂ ಹೀಗೆಯೇ ಇದೆ. ಕದಂಬರ ವಂಶಾವಳಿಗಾಗಿ, ಕುಬ್ಜ ಕವಿಯ ಸಂಸ್ಕೃತ ಛಂದಸ್ಸಿಗಾಗಿ ಅದನ್ನು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಕಾಕುಸ್ಥವರ್ಮನು ಅಲ್ಲಿನ ಶಿವಾಲಯದ ಬಳಿ ಕಟ್ಟಿಸಿದ ಕೆರೆಯೇ ಅದರ ನಿಮಿತ್ತವೆಂಬುದನ್ನು ಒಂದು ವಾಕ್ಯದಲ್ಲಿ ಮುಗಿಸುತ್ತೇವೆ.

ಅರಸ, ಕವಿ, ದಾನಿ, ಗುರುಪರಂಪರೆ ಇವುಗಳಿಗಾಗಿ ಶಾಸನವನ್ನು ಓದುವ ನಮ್ಮ ಅಭ್ಯಾಸದಲ್ಲಿ ಅದರ ಕೊನೆಯ ಭಾಗ, ಅಂದರೆ ಗದ್ದೆ ಎಷ್ಟು, ಯಾವ ಕೆರೆಯ ಕೆಳಗೆ, ಯಾವ ತೂಬಿನ ಬಳಿ, ಮೇಲ್ವಿಚಾರಣೆ ಯಾರದು ಎಂಬ ಭಾಗ, ಒಣ ಪಟ್ಟಿಯಾಗಿ ಉಳಿದುಬಿಟ್ಟಿದೆ. ಬಯಲುಸೀಮೆಯಂಥ ಒಣ ಪ್ರದೇಶದಲ್ಲಿ ನೀರಾವರಿಯ ಹೊಲ ತನ್ನ ನೀರನ್ನು ಹೇಗೆ ಮಿತವಾಗಿ ಬಳಸಿತು ಎಂಬ ಪ್ರಶ್ನೆಗೆ ಉತ್ತರವಿರುವುದು ಆ ಪಟ್ಟಿಯಲ್ಲಿ. ಹನಿ ನೀರಾವರಿಯ ಹೊಸ ಯೋಜನೆಗಳು ಇದೇ ನೆಲಕ್ಕೆ ಕಾಲಿಡುತ್ತಿರುವ ಹೊತ್ತಿನಲ್ಲಿ ಆ ಪಟ್ಟಿಯನ್ನು ಮತ್ತೊಮ್ಮೆ ಓದುವುದು ಕೇವಲ ಪಾಂಡಿತ್ಯದ ಕುತೂಹಲವಾಗಿ ಉಳಿಯುವುದಿಲ್ಲ.

ಚಿಕ್ಕಮಗಳೂರು ಜಿಲ್ಲೆಯನ್ನು ಉದಾಹರಣೆಗೆ ಆರಿಸಿಕೊಳ್ಳಲು ಕಾರಣವಿದೆ. 1947ರವರೆಗೆ ಕಡೂರು ಜಿಲ್ಲೆಯೆಂದು ಕರೆಯಿಸಿಕೊಂಡ ಈ ಜಿಲ್ಲೆಯ ಮೇಲೆ ಎರಡು ಆಕಾಶಗಳಿವೆ ಎನ್ನಬೇಕು. ಪಶ್ಚಿಮದಲ್ಲಿ ಮೂಡಿಗೆರೆ, ಈಚೆಗೆ ಅದರಿಂದ ಬೇರ್ಪಟ್ಟು ತಾಲ್ಲೂಕಾದ ಕಳಸ, ಕೊಪ್ಪ, ಶೃಂಗೇರಿ. ಇಲ್ಲಿ ವರ್ಷದ ಮಳೆ 2,000 ಮಿ.ಮೀ. ಮೀರುತ್ತದೆ. ಪೂರ್ವಕ್ಕೆ ಬಾಬಾಬುಡನ್ ಗಿರಿಶ್ರೇಣಿಯನ್ನು ಇಳಿದು ಸಖರಾಯಪಟ್ಟಣ ದಾಟಿದರೆ ಕಡೂರು, ಬೀರೂರು, ಅಜ್ಜಂಪುರಗಳ ಬಯಲು. ಕಡೂರಿನಲ್ಲಿ ಮಳೆ 600 ಮಿ.ಮೀ. ಆಸುಪಾಸು. ಒಂದೇ ಜಿಲ್ಲಾಕಚೇರಿಯ ಆಡಳಿತಕ್ಕೆ ಒಳಪಟ್ಟ ಎರಡು ಊರುಗಳ ನಡುವೆ ಮೂರು ಪಟ್ಟಿಗೂ ಮಿಗಿಲಾದ ಅಂತರ. ಈ ಅಂತರವನ್ನು ಹೊಲಿಯುವುದು ಎರಡು ಹೊಳೆಗಳು. ಗಿರಿಯ ಮೂಡಣ ಮೈಯಲ್ಲಿ ಹುಟ್ಟುವ ವೇದಾ ಮತ್ತು ಆವತಿ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಕೂಡುವುದಕ್ಕೆ ಮುಂಚೆಯೇ ಎರಡನ್ನೂ ನಮ್ಮ ಹಿರಿಯರು ತಡೆದು ನಿಲ್ಲಿಸಿದ್ದಾರೆ. ವೇದೆಯ ದಾರಿಯಲ್ಲಿ ಶಕುನಗಿರಿಯ ಬುಡದ ಅಯ್ಯನಕೆರೆ, ಆವತಿಯ ದಾರಿಯಲ್ಲಿ ಮದಗದಕೆರೆ. ಮಳೆ ಬೀಳುವುದು ಬೆಟ್ಟದ ಮೇಲೆ, ಬೆಳೆ ಬೆಳೆಯುವುದು ಬಯಲಿನಲ್ಲಿ. ನಡುವೆ ನಿಂತ ಏರಿಯೊಂದು ಈ ಎರಡರ ಲೆಕ್ಕವನ್ನು ಕೂಡಿಸಬೇಕು.

ಈ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ 1901ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟವಾಗಿ ಪ್ರಕಟಿಸಿದರು. ಅದರ ಪುಟಗಳನ್ನು ತಿರುವುವ ಸಾಹಿತ್ಯದ ವಿದ್ಯಾರ್ಥಿಗಳ ಕಣ್ಣು ಸಹಜವಾಗಿ ಹೋಗಿ ನಿಲ್ಲುವುದು ಅಂಗಡಿಯ ಮೇಲೆ, ಅಂದರೆ ಹೊಯ್ಸಳರ ಮೂಲಸ್ಥಾನವೆನ್ನಲಾದ ಸೊಸೆವೂರಿನ ಬಸದಿಗಳ ಮೇಲೆ. ಇಲ್ಲವೇ ತರೀಕೆರೆ ತಾಲ್ಲೂಕಿನ ಅಮೃತಾಪುರದ ಮೇಲೆ. ಅಮೃತೇಶ್ವರ ದೇವಾಲಯದ ಶಾಸನಪದ್ಯಗಳು ಜನ್ನನ ರಚನೆ. ಯಶೋಧರ ಚರಿತೆಯ ಕವಿಯ ಕೈಬರಹವನ್ನು ಕಲ್ಲಿನಲ್ಲಿ ಗುರುತಿಸುವ ಸಂತೋಷ ಸಣ್ಣದೇನಲ್ಲ. ಆದರೆ ಪದ್ಯ ಮುಗಿದು ಗದ್ಯ ಆರಂಭವಾಗುವ ಕಡೆ ನಮ್ಮ ಓದು ನಿಲ್ಲಬಾರದು.

ಹೊಯ್ಸಳ ಕಾಲದ ದತ್ತಿಗಳಲ್ಲಿ ನೆಲವನ್ನು ಎರಡಾಗಿ ಒಡೆದು ಹೇಳುವುದು ವಾಡಿಕೆ. ನೀರುಣ್ಣುವುದು ಗದ್ದೆ, ಮಳೆಗೆ ಕಾಯುವುದು ಬೆದ್ದಲು. ಇವುಗಳ ವಿಸ್ತಾರವನ್ನು ಸಲಗೆ, ಕೊಳಗ, ಖಂಡುಗಗಳಲ್ಲಿ ಹೇಳುತ್ತಾರೆ. ಇವು ಧಾನ್ಯದ ಅಳತೆಗಳು. ಎಷ್ಟು ಬೀಜ ಬಿತ್ತಬಹುದೋ ಅಷ್ಟು ನೆಲ. ಕಂಬ ಅಥವಾ ಗಳೆಯಿಂದ ಉದ್ದಗಲ ಅಳೆಯುವ ಪದ್ಧತಿಯೂ ಜೊತೆಗೇ ಇತ್ತು. ಆದರೂ ಬೀಜದ ಅಳತೆ ಇಷ್ಟು ಗಟ್ಟಿಯಾಗಿ ಉಳಿದುಬಂದದ್ದು ಏಕೆ? ಅದು ನೆಲದ ಚೌಕವನ್ನು ಹೇಳುವುದಕ್ಕಿಂತ ನೆಲದ ಕಸುವನ್ನು ಹೇಳುತ್ತದೆ ಎಂದು ನನಗೆ ತೋರುತ್ತದೆ. ಕೆರೆಯ ಕೆಳಗಣ ಇಷ್ಟು ಸಲಗೆ ಗದ್ದೆ ಎಂದಾಗ ಆ ಕೆರೆಯ ನೀರು ಇಷ್ಟು ಬಿತ್ತನೆಯನ್ನು ಕೊನೆಮುಟ್ಟಿಸುತ್ತದೆ ಎಂಬ ಒಪ್ಪಿಗೆ ಅದರಲ್ಲಿ ಅಡಗಿದೆ. ನೆಲಕ್ಕೆ ಬೆಲೆ ಬಂದದ್ದು ನೀರಿನ ದೆಸೆಯಿಂದ. ಆದ್ದರಿಂದ ಅಳತೆಯಲ್ಲಿಯೇ ನೀರು ಸೇರಿಕೊಂಡಿತು.

ಬಿತ್ತುವಟ್ಟವೆಂಬ ಪದ ಇನ್ನೂ ಸ್ವಾರಸ್ಯಕರ. ಗಂಗರ ಕಾಲದಿಂದಲೂ ಕಾಣಿಸಿಕೊಳ್ಳುವ ಈ ಪದಕ್ಕೆ ಕೆರೆಯ ನೀರುಂಡ ನೆಲದಲ್ಲಿ, ಅಥವಾ ಅದರ ಬೆಳೆಯಲ್ಲಿ, ಕೆರೆಗಾಗಿ ತೆಗೆದಿಟ್ಟ ಪಾಲು ಎಂದು ಅರ್ಥ. ಕೆರೆಯನ್ನು ಕಟ್ಟಿಸಿದವನಿಗೆ, ಒಡೆದಾಗ ಸರಿಪಡಿಸಿದವನಿಗೆ ಕೊಡುವ ಭೂಮಿಗೆ ಕೊಡಗಿ, ಕೆರೆಗೊಡಗೆ ಎಂಬ ಹೆಸರುಗಳಿವೆ. ಹೂಳೆತ್ತುವ ಬಂಡಿಗಳ ಖರ್ಚಿಗೆಂದೇ ದತ್ತಿ ಬಿಟ್ಟ ಉದಾಹರಣೆಗಳೂ ಸಿಗುತ್ತವೆ. ಹೂಳೆಂದರೆ ಕಸವೆಂದು ತಿಳಿಯಬಾರದು. ಕೆರೆಯ ಗೋಡು ಹೊಲಕ್ಕೆ ಬಿದ್ದರೆ ಮರಳುಮಿಶ್ರಿತ ಕೆಂಪು ನೆಲ ತೇವವನ್ನು ಹೆಚ್ಚು ದಿನ ಹಿಡಿದಿಡುತ್ತದೆ. ಬೇಸಗೆಯಲ್ಲಿ ಕೆರೆಯಿಂದ ಹೊರಟ ಬಂಡಿ ಕೆರೆಯ ಒಡಲನ್ನು ಹಿಗ್ಗಿಸುತ್ತಿತ್ತು, ಹೊಲದ ದಾಹವನ್ನು ತಗ್ಗಿಸುತ್ತಿತ್ತು. ಇಂದಿನ ಕೃಷಿವಿಜ್ಞಾನದ ಪರಿಭಾಷೆಯಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳು. ಅಂದು ಅದು ಒಂದೇ ಬಂಡಿಯ ಕೆಲಸ.

ಹೊಲದೊಳಗಿನ ಇತರ ಉಪಾಯಗಳನ್ನು ಶಾಸನಗಳು ವಿವರಿಸುವುದಿಲ್ಲ. ಎಲ್ಲರಿಗೂ ಗೊತ್ತಿದ್ದುದನ್ನು ಕಲ್ಲಿನ ಮೇಲೆ ಏಕೆ ಬರೆದಾರು? ಗದ್ದೆಯನ್ನು ಸಣ್ಣ ಮಡಿಗಳಾಗಿ ಒಡೆದು ಮಟ್ಟ ಮಾಡುವುದು, ಬದುವಿನ ಏಡಿತೂತುಗಳನ್ನು ಕೆಸರಿನಿಂದ ಮೆತ್ತುವುದು, ನೀರು ಇಂಗಿಹೋಗದಂತೆ ಕೆಸರನ್ನು ತುಳಿದು ಹದ ಮಾಡುವುದು, ಕೆರೆ ಅರೆ ತುಂಬಿದ ವರ್ಷ ಭತ್ತವನ್ನು ಬಿಟ್ಟು ರಾಗಿ ನಾಟಿ ಮಾಡುವುದು. ಇವು ಹತ್ತು ತಲೆಮಾರಿನ ಹಿಂದೆಯೂ ಇದ್ದವು, ಈಗಲೂ ಕೆಲವೆಡೆ ಇವೆ. ಕ್ರಿ.ಶ. 1025ರ ಸುಮಾರಿನಲ್ಲಿ, ಚಾಳುಕ್ಯ ಜಯಸಿಂಹನ ಕಾಲದಲ್ಲಿ, ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಂತರ್ಜಲವನ್ನು ಗುರುತಿಸುವ ಲಕ್ಷಣಗಳೂ ವೃಕ್ಷಾಯುರ್ವೇದವೂ ಕನ್ನಡದಲ್ಲಿಯೇ ಬಂದಿವೆ. (ಈತ ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಲ್ಲ; ವಿದ್ಯಾರ್ಥಿಗಳ ಉತ್ತರಪತ್ರಿಕೆಗಳಲ್ಲಿ ಇಬ್ಬರೂ ಒಬ್ಬರಾಗುವುದು ಪ್ರತಿವರ್ಷದ ಸಂಗತಿ.) ನೀರು ಎಲ್ಲಿದೆ, ಗಿಡಕ್ಕೆ ಏನು ಬೇಕು ಎಂಬ ಎರಡು ಪ್ರಶ್ನೆಗಳನ್ನು ಒಂದೇ ಗ್ರಂಥದಲ್ಲಿ ಕೇಳಿಕೊಂಡ ಕವಿಯನ್ನು ನಾವು ಸಾಹಿತ್ಯಚರಿತ್ರೆಯಲ್ಲಿ ಶಾಸ್ತ್ರಗ್ರಂಥಕಾರನೆಂದು ಬದಿಗೆ ಸರಿಸಿಬಿಟ್ಟಿದ್ದೇವೆ.

ಕೆರೆಗೂ ನೆಲಕ್ಕೂ ಇರಬೇಕಾದ ಅನುಪಾತವನ್ನು ಬಾಯಿಬಿಟ್ಟು ಹೇಳಿದ ಶಾಸನವೊಂದು ನಮ್ಮ ಜಿಲ್ಲೆಯಿಂದ ದೂರದಲ್ಲಿದ್ದರೂ ನಮ್ಮದೇ ವಿಜಯನಗರದ ಪರಂಪರೆಗೆ ಸೇರಿದ್ದು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಆ ಸಂಸ್ಕೃತ ಶಾಸನದ ಕಾಲ 1369. ಒಂದನೆಯ ಬುಕ್ಕರಾಯನ ಮಗ ಭಾಸ್ಕರ ಭವದೂರನು ಕಟ್ಟಿಸಿದ ಕೆರೆಯ ದಾಖಲೆ ಅದು. ಎರಡು ವರ್ಷ ದಿನಕ್ಕೆ ಸಾವಿರ ಜನ ದುಡಿದರು, ನೂರು ಬಂಡಿಗಳು ಓಡಾಡಿದವು ಎಂಬ ಲೆಕ್ಕದೊಂದಿಗೆ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಅಂಟುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯಿಂದ ನೀರು ಒಸರುವುದು, ಚೌಳು ನೆಲ, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ಇವು ಮೊದಲ ನಾಲ್ಕು. ಉಳಿದೆರಡನ್ನು ನಿಧಾನವಾಗಿ ಓದಬೇಕು. ನೀರು ಕಡಿಮೆಯಿದ್ದು ಉಣಿಸಬೇಕಾದ ನೆಲ ಹೆಚ್ಚಿರುವುದು ಒಂದು ದೋಷ. ನೆಲ ಕಡಿಮೆಯಿದ್ದು ನೀರು ಹೆಚ್ಚಿರುವುದು ಇನ್ನೊಂದು ದೋಷ.

ಎರಡನೆಯದನ್ನು ದೋಷವೆಂದು ಕರೆದುದರಲ್ಲಿಯೇ ಆ ಶಾಸನಕಾರನ ವಿವೇಕವಿದೆ. ನೀರು ಹೆಚ್ಚಾದರೆ ಒಳ್ಳೆಯದೇ ಎಂದು ನಾವು ಭಾವಿಸುತ್ತೇವೆ. ಆತ ಹಾಗೆ ಭಾವಿಸಲಿಲ್ಲ. ಪಾತ್ರೆಗೂ ಹಸಿವಿಗೂ ಹೊಂದಿಕೆ ಇರಬೇಕು. ಕೆರೆ ಕಟ್ಟುವುದು ಪುಣ್ಯವೆಂದು ಹೇಳುವ ಪದ್ಯಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಮಗುವಿಗೆ ಹಾಲೂಡಿಸುತ್ತಲೇ ಕೆರೆ ಕಟ್ಟಿಸೆಂದು ತಾಯಿ ಕಿವಿಯಲ್ಲಿ ಹೇಳಿದಳೆಂಬ ಲಕ್ಷ್ಮೀಧರಾಮಾತ್ಯನ ಶಾಸನದ ಪದ್ಯ ಎಲ್ಲ ಪಠ್ಯಪುಸ್ತಕಗಳಲ್ಲಿದೆ. ಎಷ್ಟು ನೆಲಕ್ಕೆ ಎಷ್ಟು ನೀರು ಎಂಬ ಪೋರುಮಾಮಿಳ್ಳದ ಮಾತು ಯಾವ ಪಠ್ಯದಲ್ಲಿಯೂ ಇಲ್ಲ. ಕಟ್ಟುವ ಪುಣ್ಯವನ್ನು ನೆನಪಿಟ್ಟುಕೊಂಡು ಹಂಚುವ ಧರ್ಮವನ್ನು ಮರೆತ ಸಾಹಿತ್ಯಾಭ್ಯಾಸ ನಮ್ಮದು ಎಂದರೆ ಕಟುವಾಯಿತೇನೋ, ಆದರೆ ಸುಳ್ಳಾಗದು.

ಹಂಚುವವನು ನೀರುಗಂಟಿ. ಹಳ್ಳಿಯ ಹನ್ನೆರಡು ಮಂದಿ ಆಯಗಾರರಲ್ಲಿ ಆತನೂ ಒಬ್ಬ. ತೂಬನ್ನು ಎತ್ತುವುದು, ಇಳಿಸುವುದು, ಕಾಲುವೆಯ ಕೊನೆಯ ಮಡಿಗೆ ನೀರು ತಲುಪಿತೇ ಎಂದು ನಡೆದು ನೋಡುವುದು, ಸರದಿ ತಪ್ಪಿಸಿದವನ ಬದುವಿನ ಬಾಯಿ ಮುಚ್ಚುವುದು ಅವನ ಕೆಲಸ. ಆತನಿಗೆ ಸಂಬಳವಿರಲಿಲ್ಲ, ಸುಗ್ಗಿಯ ಕಣದಲ್ಲಿ ಪ್ರತಿ ರೈತನಿಂದ ಇಷ್ಟು ಕಾಳು ಎಂಬ ಆಯವಿತ್ತು, ಜೊತೆಗೆ ಇನಾಮು ಭೂಮಿ ಇರುತ್ತಿತ್ತು. ಈ ಏರ್ಪಾಟಿನ ಜಾಣ್ಮೆಯನ್ನು ಗಮನಿಸಬೇಕು. ಕೊನೆಯ ಮಡಿಯೂ ಬೆಳೆದರೆ ಮಾತ್ರ ಆತನ ಪಾಲು ಪೂರ್ತಿಯಾಗುತ್ತಿತ್ತು. ಕೆರೆಯಲ್ಲಿ ನೀರು ಅರ್ಧವಿದ್ದ ವರ್ಷ ಅಚ್ಚುಕಟ್ಟಿನಲ್ಲಿ ಎಷ್ಟು ಭಾಗಕ್ಕೆ ಬಿತ್ತನೆ ಎಂಬುದನ್ನು ಊರಿನವರು ಕುಳಿತು ತೀರ್ಮಾನಿಸುವಾಗ ಏರಿಯ ಮೇಲೆ ನಿತ್ಯ ನಡೆದವನ ಮಾತಿಗೆ ತೂಕವಿರುತ್ತಿತ್ತು. ಮಿತವ್ಯಯ ಆರಂಭವಾಗುತ್ತಿದ್ದುದು ಬಿತ್ತುವ ಮುನ್ನ.

ಇದೆಲ್ಲವೂ ಸಮಾನತೆಯ ಸ್ವರ್ಗವಾಗಿತ್ತೆಂದು ಹೇಳುವ ಆಸೆ ನನಗಿಲ್ಲ. ತೂಬಿನ ಹತ್ತಿರದ ಗದ್ದೆಗಳು ಯಾರವು, ಬಾಲದ ಗದ್ದೆಗಳು ಯಾರವು ಎಂದು ಕೇಳಿದರೆ ಊರಿನ ಜಾತಿಶ್ರೇಣಿ ಕಾಲುವೆಯ ಉದ್ದಕ್ಕೂ ಹರಿದಿರುವುದು ಕಾಣುತ್ತದೆ. ನೀರು ಹಂಚುವ ಕೈ ಬಹಳಷ್ಟು ಊರುಗಳಲ್ಲಿ ಸ್ವಂತ ಗದ್ದೆಯಿಲ್ಲದ ಕೈ. ಸಖರಾಯಪಟ್ಟಣದ ಸೀಮೆಯಲ್ಲಿ ಅಯ್ಯನಕೆರೆಯ ಬಗೆಗೆ ಹೇಳುವ ಐತಿಹ್ಯ ಇದನ್ನು ಬಹಳ ನಿಷ್ಠುರವಾಗಿ ಹೇಳುತ್ತದೆ. ಕೆರೆಯನ್ನು ಕಟ್ಟಿಸಿದವನು ರುಕ್ಮಾಂಗದ ರಾಯನೆಂದು ಪ್ರತೀತಿ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಅದರ ಜೀರ್ಣೋದ್ಧಾರವಾಯಿತೆಂದು ಗೆಜೆಟಿಯರ್ ಹೇಳುತ್ತದೆ. ಕಥೆಯಲ್ಲಿ ಕೆರೆಯ ದೇವತೆ ಒಂದು ರಾತ್ರಿ ಕಾವಲಿನ ನೀರುಗಂಟಿಗೆ ಕಾಣಿಸಿಕೊಂಡು ತಾನು ಏರಿ ಒಡೆದು ಹೊರಡುವುದಾಗಿ ಹೇಳುತ್ತಾಳೆ. ಅರಸನಿಗೆ ತಿಳಿಸಿ ಬರುತ್ತೇನೆ, ನಾನು ಮರಳುವ ತನಕ ತಡೆ ಎಂದು ಆತ ಮಾತು ಪಡೆಯುತ್ತಾನೆ. ಸುದ್ದಿ ಕೇಳಿದ ಅರಸ ಆತನನ್ನು ಕೊಲ್ಲಿಸುತ್ತಾನೆ. ಆತ ಮರಳಲಿಲ್ಲ, ಕೆರೆ ಒಡೆಯಲಿಲ್ಲ. ಇದೇ ಆಶಯದ ಕಥೆಗಳು ಬೇರೆ ಕೆರೆಗಳ ಬಗೆಗೂ ಕೇಳಿಬರುತ್ತವೆ. ಕೆರೆಗೆ ಹಾರದ ಭಾಗೀರಥಿಯ ಬಗೆಗೆ ನಮ್ಮ ವಿಮರ್ಶಕರು ಬರೆದಿರುವುದರಲ್ಲಿ ಹತ್ತರಲ್ಲಿ ಒಂದು ಪಾಲನ್ನೂ ಈ ನೀರುಗಂಟಿಯ ಬಗೆಗೆ ಬರೆದಿಲ್ಲ. ಭಾಗೀರಥಿ ಕೆರೆಗೆ ನೀರು ತಂದವಳು. ಈತ ಬಂದ ನೀರನ್ನು ಉಳಿಸಿದವನು. ಇಬ್ಬರನ್ನೂ ಬಲಿ ಕೊಟ್ಟದ್ದು ಅವರವರ ಒಡೆಯರೇ.

ಬಯಲಿನಿಂದ ಬೆಟ್ಟದ ಕಡೆಗೆ ತಿರುಗಿದರೆ ನೀರಿನ ಲೆಕ್ಕವೇ ಬೇರೆ. ಕಳಸವು ಹೊಂಬುಜದ ಸಾಂತರರ ಒಂದು ಕವಲಿನ ನೆಲೆ. ಕಳಸ-ಕಾರ್ಕಳದ ಭೈರರಸರೆಂದು ಮುಂದೆ ಹೆಸರಾದ ಈ ಜೈನ ಮನೆತನವೇ 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿತು. ಹದಿಮೂರನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ಇಬ್ಬರು ಮಹಾದೇವಿಯರು ಇಲ್ಲಿ ಆಳಿದುದನ್ನು ಕಳಸದ ಶಾಸನಗಳು ತಿಳಿಸುತ್ತವೆ. ಜಿನಭಕ್ತರಾದ ಈ ಅರಸರು ಕಳಸನಾಥನ ಶೈವದೇಗುಲಕ್ಕೆ ದತ್ತಿಗಳನ್ನು ಬಿಟ್ಟುದು ಸಾಕಷ್ಟು ಚರ್ಚೆಯಾಗಿದೆ. ಆದರೆ ಘಟ್ಟದ ಮೇಲಿನ ಕಳಸದಲ್ಲಿ ಕಣಿವೆಯ ಹಳ್ಳಕ್ಕೆ ಕಟ್ಟ ಹಾಕಿ ಗದ್ದೆ, ಅಡಿಕೆ ತೋಟಗಳಿಗೆ ನೀರು ತಿರುಗಿಸುವುದೂ, ಘಟ್ಟದ ಕೆಳಗಿನ ಕಾರ್ಕಳದಲ್ಲಿ ಆನೆಕೆರೆ, ರಾಮಸಮುದ್ರಗಳಂಥ ಕೆರೆಗಳಲ್ಲಿ ನೀರು ನಿಲ್ಲಿಸುವುದೂ ಒಂದೇ ಮನೆತನದ ಆಳ್ವಿಕೆಯ ಎರಡು ಮುಖಗಳಾಗಿದ್ದವೆಂಬುದು ಅಷ್ಟು ಚರ್ಚೆಯಾಗಿಲ್ಲ. ಮಲೆನಾಡಿನಲ್ಲಿ ಮಳೆಗಾಲದ ಚಿಂತೆ ನೀರನ್ನು ಹೊರಗೆ ಹಾಕುವುದು. ಅಡಿಕೆ ತೋಟದ ಸಾಲುಗಳ ನಡುವೆ ತೆಗೆಯುವ ಕಪ್ಪುಗಳು ಅದಕ್ಕಾಗಿಯೇ ಇವೆ. ಬೇಸಗೆಯಲ್ಲಿ ಅದೇ ತೋಟಕ್ಕೆ ನೀರು ಬೇಕು. ಪೋರುಮಾಮಿಳ್ಳದ ಆರನೆಯ ದೋಷ ಆರು ತಿಂಗಳು, ಐದನೆಯ ದೋಷ ಆರು ತಿಂಗಳು.

ಕಾಫಿ ಬಂದ ಮೇಲೆ ಈ ಎರಡನೆಯ ಆರು ತಿಂಗಳು ಇನ್ನೂ ಬಿಗಿಯಾಯಿತು. ಕಾಫಿಗೆ ಫೆಬ್ರುವರಿ, ಮಾರ್ಚಿಯಲ್ಲಿ ಹೂಮಳೆ ಬೇಕು. ಅದಾದ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬೇಕು. ಅರೇಬಿಕಾ ಒಂದಿಷ್ಟು ಕಾಯಬಲ್ಲದು, ರೊಬಸ್ಟಾಕ್ಕೆ ಆ ತಾಳ್ಮೆ ಇಲ್ಲ. ಆದ್ದರಿಂದ ಮಳೆಯನ್ನು ಕಾಯುವ ಬದಲು ಹಳ್ಳ, ಕೆರೆಗಳಿಂದ ಪಂಪು ಹಚ್ಚಿ ಸ್ಪ್ರಿಂಕ್ಲರ್ ಜೆಟ್ಟುಗಳಿಂದ ಮಳೆಯನ್ನೇ ತಯಾರಿಸುವುದು ರೂಢಿಗೆ ಬಂದಿತು. ಒಂದು ಎಕರೆಗೆ ಒಂದು ಇಂಚು ನೀರೆಂದರೆ ಸುಮಾರು 1,03,000 ಲೀಟರ್. ಒಂದೂವರೆ ಇಂಚು ಹಾಯಿಸಿದರೆ ಒಂದೂವರೆ ಲಕ್ಷ ಲೀಟರು ಮೀರುತ್ತದೆ. ಹಳ್ಳಗಳಲ್ಲಿ ನೀರು ಅತ್ಯಂತ ಕಡಿಮೆಯಿರುವ ವಾರಗಳಲ್ಲಿಯೇ ಎಲ್ಲ ತೋಟಗಳೂ ಒಮ್ಮೆಗೇ ಇದನ್ನು ಕೇಳುತ್ತವೆ. ಕಾಫಿ ತೋಟದವರು ನೀರಿಂಗಿಸುವ ವಿದ್ಯೆಯನ್ನು ಅರಿಯದವರೇನಲ್ಲ. ಇಳಿಜಾರಿಗೆ ಅಡ್ಡಲಾಗಿ ಗಿಡದ ಸಾಲುಗಳ ನಡುವೆ ತೆಗೆಯುವ ತೊಟ್ಟಿಲು ಗುಂಡಿಗಳು ಮಳೆನೀರನ್ನೂ ಮೇಲ್ಮಣ್ಣನ್ನೂ ತಡೆದು ನಿಲ್ಲಿಸುತ್ತವೆ. ನೆರಳುಮರಗಳ ದರಗು ನೆಲವನ್ನು ಮುಚ್ಚಿ ತೇವ ಆರದಂತೆ ಕಾಯುತ್ತದೆ. ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ ಇದೇ ಜಿಲ್ಲೆಯಲ್ಲಿದೆ. ಆದರೆ ತೊಟ್ಟಿಲು ಗುಂಡಿ ತೆಗೆಯಲು ಆಳು ಬೇಕು, ಪಂಪು ಹಚ್ಚಲು ಗುಂಡಿ ಒತ್ತಿದರೆ ಸಾಕು. ಕೂಲಿಯ ಕೊರತೆಯ ಕಾಲದಲ್ಲಿ ಯಾವುದು ಉಳಿಯುತ್ತದೆಂದು ಹೇಳಬೇಕಾಗಿಲ್ಲ. ಮೂಡಿಗೆರೆಯ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯೂ ಕಳಸವನ್ನು ಬಳಸಿ ಹರಿಯುವ ಭದ್ರೆಯೂ ಬಯಲಿನ ಲಕ್ಷಾಂತರ ಎಕರೆಗಳ ಆಸರೆಯಾಗಿರುವುದರಿಂದ ಬೆಟ್ಟದ ಈ ಲೆಕ್ಕ ಬೆಟ್ಟದಲ್ಲಿಯೇ ಮುಗಿಯುವುದಿಲ್ಲ.

ಮತ್ತೆ ಬಯಲಿನ ಕಥೆಗೆ ಬರೋಣ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಸ್ಯಾಂಕಿ ಬರೆದ ವರದಿಯಂತೆ ಸಂಸ್ಥಾನದ 27,269 ಚದರ ಮೈಲಿಗಳಲ್ಲಿ ಸುಮಾರು 60 ಪಾಲು ಕೆರೆಗಳ ಜಾಲಕ್ಕೆ ಒಳಪಟ್ಟಿತ್ತು. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟವೆಂಬುದು ಆತನ ಅಭಿಪ್ರಾಯ. ಇಂಥ ಜಾಲವನ್ನು ಲೋಕೋಪಯೋಗಿ ಇಲಾಖೆಯ ಕಡತಗಳಿಗೆ ತಂದಾಗ ಏರಿ, ತೂಬು, ಕೋಡಿಗಳು ಕಡತ ಸೇರಿದವು, ಬಿತ್ತುವಟ್ಟ ಸೇರಲಿಲ್ಲ. ತರಿ, ಖುಷ್ಕಿ, ಬಾಗಾಯ್ತು ಎಂದು ನೆಲ ಮೂರು ವರ್ಗವಾಗಿ ಕಂದಾಯ ನಿಗದಿಯಾಯಿತು. ಊರಿನವರನ್ನು ಮತ್ತೆ ಕೆರೆಗೆ ಕಟ್ಟಿಹಾಕಲು 1911ರಲ್ಲಿ ಮೈಸೂರು ಸರ್ಕಾರ ಕೆರೆ ಪಂಚಾಯಿತಿ ಕಾಯಿದೆ ತಂದರೂ ಹಳೆಯ ನಂಟು ಕೂಡಲಿಲ್ಲ. ಈ ನಡುವೆ 1898ರಿಂದ 1907ರವರೆಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿಗೆ ದೊಡ್ಡ ಅಣೆಕಟ್ಟು ಎದ್ದಿತು. ಅದೇ ವಾಣಿವಿಲಾಸ ಸಾಗರ. ಒಡಲು 30 ಟಿಎಂಸಿ. ಆ ಒಡಲು ತುಂಬಿ ಕೋಡಿ ಹರಿದುದು 1933ರಲ್ಲಿ; ಅದಾದ ಮೇಲೆ 2022ರಲ್ಲಿ. ಎಂಜಿನಿಯರುಗಳಲ್ಲಿ ಹೊಲದ ಕಡೆಗೆ ನೋಡಿದವರು ಇರಲಿಲ್ಲವೆಂದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮುಂಬಯಿ ಪ್ರಾಂತದ ನೀರಾ ಕಾಲುವೆಗಾಗಿ ವಿಶ್ವೇಶ್ವರಯ್ಯನವರು ರೂಪಿಸಿದ ಬ್ಲಾಕ್ ಪದ್ಧತಿ ಹೊಲಗಳನ್ನು ಗುಂಪಾಗಿಸಿ ಯಾವ ಗುಂಪಿಗೆ ಯಾವ ಬೆಳೆ, ಎಷ್ಟು ನೀರು ಎಂಬುದನ್ನು ಮುಂಚೆಯೇ ಗೊತ್ತುಮಾಡುತ್ತಿತ್ತು. ಅಣೆಕಟ್ಟಿನ ವಿಶ್ವೇಶ್ವರಯ್ಯ ನಮಗೆ ಗೊತ್ತು. ನೀರುಗಂಟಿಯ ಕೆಲಸವನ್ನು ಶಾಸ್ತ್ರಕ್ಕೆ ತಂದ ವಿಶ್ವೇಶ್ವರಯ್ಯ ಅಷ್ಟಾಗಿ ಗೊತ್ತಿಲ್ಲ.

ಕೊಳವೆಬಾವಿ ಬಂದಾಗ ಈ ಇಡೀ ವ್ಯವಸ್ಥೆ ಅಪ್ರಸ್ತುತವಾಯಿತು. ಕೆರೆಯ ನೀರು ಕಣ್ಣಿಗೆ ಕಾಣುತ್ತದೆ. ಎಷ್ಟು ಇಳಿಯಿತೆಂದು ಏರಿಯ ಮೇಲೆ ನಿಂತವನಿಗೆ ತಿಳಿಯುತ್ತದೆ. ಕೊಳವೆಬಾವಿಯ ನೀರು ಬತ್ತುವ ದಿನದವರೆಗೂ ತುಂಬಿದಂತೆಯೇ ಇರುತ್ತದೆ. ಪ್ರತಿಯೊಬ್ಬನೂ ತನ್ನ ಹೊಲಕ್ಕೆ ತಾನೇ ನೀರುಗಂಟಿಯಾದ. ಮಳೆಯ ನೆಲವಾಗಿದ್ದ ಕಡೂರಿನ ಬೆದ್ದಲುಗಳು ತೆಂಗು, ಅಡಿಕೆಯ ತೋಟಗಳಾದವು. ಕಡೂರು ತಾಲ್ಲೂಕು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿತು. ಬಾವಿಗಳು ಆಳಕ್ಕೆ ಇಳಿದಾಗ ಹನಿ ನೀರಾವರಿ ಬಂದಿತು. ಅದರ ಗುಣವನ್ನು ಅಲ್ಲಗಳೆಯುವಂತಿಲ್ಲ. ಬೇರಿನ ಬಳಿಗೇ ನೀರು, ಕಳೆ ಕಡಿಮೆ, ಕೂಲಿ ಕಡಿಮೆ, ಇಳುವರಿ ಹೆಚ್ಚು. ಆದರೆ ಎರಡು ಎಕರೆಗೆ ಸಾಲುತ್ತಿದ್ದ ನೀರು ಹನಿಯಿಂದ ಮೂರು ಎಕರೆಗೆ ಸಾಕಾದಾಗ ರೈತನು ಮೂರನೆಯ ಎಕರೆಗೂ ಅಡಿಕೆ ನೆಡುತ್ತಾನೆ. ಸಾಲವಿರುವ ಯಾವ ಮನುಷ್ಯನೂ ಹಾಗೆಯೇ ಮಾಡುವನು. ನೀರು ಉಳಿಯಲಿಲ್ಲ, ತೋಟ ಬೆಳೆಯಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಹಲವು ದೇಶಗಳ ಅನುಭವವನ್ನು ಕಲೆಹಾಕಿ ಪ್ರಕಟಿಸಿದ ಪೆರ್ರಿ ಮತ್ತು ಸ್ಟೆಡುಟೊ ಅವರ ವರದಿ ಇದನ್ನೇ ಹೇಳುತ್ತದೆ. ನೀರಿನ ಹಂಚಿಕೆಗೆ ಮಿತಿ ಹಾಕದೆ ಕೇವಲ ಸಲಕರಣೆ ಬದಲಿಸಿದರೆ ನೀರಿನ ಒಟ್ಟು ಬಳಕೆ ಇಳಿಯುವುದಿಲ್ಲ, ಹಲವೆಡೆ ಏರುತ್ತದೆ.

ಈ ಮಾತು ನಮ್ಮ ಜಿಲ್ಲೆಗೆ ದೂರದ ಉಪದೇಶವಲ್ಲ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ತುಂಗೆಯಿಂದ 17.40 ಟಿಎಂಸಿಯನ್ನು ಭದ್ರಾ ಜಲಾಶಯಕ್ಕೆ ಎತ್ತಿ, ಭದ್ರೆಯ 12.50 ಟಿಎಂಸಿಯನ್ನು ಕೂಡಿಸಿ, ಒಟ್ಟು 29.90 ಟಿಎಂಸಿ ನೀರನ್ನು ಅಜ್ಜಂಪುರದ ಬಳಿಯ ಸುಮಾರು 7 ಕಿ.ಮೀ. ಸುರಂಗದ ಮೂಲಕ ಬಯಲಿಗೆ ಒಯ್ಯಬೇಕೆಂದಿದೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರಿಗೆ ಹನಿ ನೀರಾವರಿ, 367 ಕೆರೆಗಳಿಗೆ ಅರ್ಧದಷ್ಟು ನೀರು ಎಂಬುದು ಗುರಿ. 2023-24ರ ಕೇಂದ್ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. ಕಳಸದ ಬೆಟ್ಟದ ಮೇಲೆ ಬಿದ್ದ ಮಳೆ ಮುಂದೊಮ್ಮೆ ಹೊಸದುರ್ಗದ ಹೊಲದಲ್ಲಿ ಹನಿಯಾಗಿ ತೊಟ್ಟಿಕ್ಕಲಿದೆ.

ಹಳೆಯ ಶಾಸನಕಾರನಂತೆ ಇದನ್ನು ಲೆಕ್ಕ ಹಾಕಿ ನೋಡೋಣ. ಒಂದು ಟಿಎಂಸಿ ಎಂದರೆ 2.83 ಕೋಟಿ ಘನ ಮೀಟರ್. ಕೆರೆಗಳ ಪಾಲು, ಆವಿಯಾಗುವುದು, ಸೋರುವುದು ಯಾವುದನ್ನೂ ಕಳೆಯದೆ ಇಡೀ 29.90 ಟಿಎಂಸಿಯನ್ನು ಹೊಲಕ್ಕೇ ಹಂಚಿದರೂ ಹೆಕ್ಟೇರಿಗೆ ಸಿಗುವುದು ಸುಮಾರು 3,750 ಘನ ಮೀಟರ್, ಅಂದರೆ 375 ಮಿ.ಮೀ. ಆಳದ ನೀರು. ಮುಂಗಾರಿನ ಅರೆನೀರಾವರಿ ಬೆಳೆಗೆ, ಮಳೆಯ ಜೊತೆಗೂಡಿ, ಇದು ಸಾಕು. ಇನ್ನು ಅಡಿಕೆ. ಎಕರೆಗೆ 550 ಮರ, ಮರವೊಂದಕ್ಕೆ ಹನಿಯಲ್ಲಿ ದಿನಕ್ಕೆ 20 ಲೀಟರ್, ವರ್ಷದಲ್ಲಿ 200 ದಿನ ಎಂದಿಟ್ಟುಕೊಂಡರೆ ಎಕರೆಗೆ 22 ಲಕ್ಷ ಲೀಟರ್, 540 ಮಿ.ಮೀ.ಗೂ ಹೆಚ್ಚು. ಕಾಲುವೆಯ ತಲೆಯ ಊರುಗಳು ಅಡಿಕೆಗೆ ತಿರುಗಿದರೆ ಬಾಲದ ಊರುಗಳಿಗೆ ಸಿಗುವುದು ಕೊಳವೆ ಮಾತ್ರ. ನೀರು ಕಡಿಮೆ, ನೆಲ ಹೆಚ್ಚು ಎಂಬ ಐದನೆಯ ದೋಷ ಎಂಜಿನಿಯರರ ನಕ್ಷೆಯಲ್ಲಿ ಇಲ್ಲದಿದ್ದರೂ ಬೆಳೆಯ ಆಯ್ಕೆಯ ಮೂಲಕ ಒಳಬರಬಲ್ಲದು. ಯಾವ ಹೊಲಕ್ಕೆ ಎಷ್ಟು, ಯಾವ ಬೆಳೆಗೆ ಎಷ್ಟು, ಸರದಿ ತಪ್ಪಿಸಿದವನ ಬಾಯಿ ಮುಚ್ಚುವವರು ಯಾರು? ಈ ಪ್ರಶ್ನೆಗಳಿಗೆ ಹನಿಯ ಕೊಳವೆಯಲ್ಲಿ ಉತ್ತರವಿಲ್ಲ.

ಹಿಂದೆ ಉತ್ತರ ಹೇಳುತ್ತಿದ್ದ ಹುದ್ದೆಯನ್ನು ಕರ್ನಾಟಕದ ಗ್ರಾಮಾಧಿಕಾರಗಳ ರದ್ದಿಯಾತಿ ಅಧಿನಿಯಮ, 1961 ಕೊನೆಗಾಣಿಸಿತು. ಶಾನುಭೋಗ, ಪಟೇಲರ ವಂಶಪಾರಂಪರ್ಯದ ಅಧಿಕಾರ ಹೋದುದು ನ್ಯಾಯವೇ. ತೋಟಿ, ತಳವಾರ, ನೀರುಗಂಟಿಗಳ ಹುಟ್ಟಿನಿಂದ ಬಂದ ಊಳಿಗ ಹೋದುದು ಇನ್ನೂ ಹೆಚ್ಚಿನ ನ್ಯಾಯ. ಆದರೆ ಶಾನುಭೋಗನ ಜಾಗಕ್ಕೆ ಗ್ರಾಮಲೆಕ್ಕಿಗ ಬಂದ. ನೀರುಗಂಟಿಯ ಜಾಗಕ್ಕೆ ಬಹುತೇಕ ಕೆರೆಗಳಲ್ಲಿ ಯಾರೂ ಬರಲಿಲ್ಲ. ಕಾಗದದ ಲೆಕ್ಕ ಉಳಿಯಿತು, ನೀರಿನ ಲೆಕ್ಕ ಉಳಿಯಲಿಲ್ಲ.

ಶಾಸನಗಳ ಮೇಲೆ ಸಂಶೋಧನೆಗೆ ತೊಡಗುವ ತರುಣ ತರುಣಿಯರಿಗೆ ಇಲ್ಲಿ ಕೈತುಂಬ ಕೆಲಸವಿದೆ. ಎಪಿಗ್ರಾಫಿಯಾದ ಆರನೆಯ ಸಂಪುಟವೊಂದರಿಂದಲೇ ಕೆರೆ, ಕಟ್ಟೆ, ತೂಬು, ಕೋಡಿ, ಕಾಲುವೆಗಳ ಹೆಸರುಗಳನ್ನೂ ಅವುಗಳ ಕೆಳಗಿನ ಗದ್ದೆಯ ಸಲಗೆ, ಕೊಳಗಗಳನ್ನೂ ತಾಲ್ಲೂಕುವಾರು ಹೆಕ್ಕಿ, ಇಂದಿನ ಗ್ರಾಮನಕ್ಷೆಗಳ ಸರ್ವೆ ನಂಬರುಗಳ ಮೇಲೆ ಇರಿಸಿ ನೋಡಬಹುದು. ಹನ್ನೆರಡನೆಯ ಶತಮಾನದಲ್ಲಿ ಒಂದು ಕೆರೆ ಎಷ್ಟು ಬಿತ್ತನೆಯನ್ನು ಒಪ್ಪಿಕೊಂಡಿತ್ತು, ಈಗ ಅದರ ಅಚ್ಚುಕಟ್ಟು ಎಷ್ಟು ಎಂಬುದು ಊರೂರಿನ ಲೆಕ್ಕವಾಗಿ ಸಿಗುತ್ತದೆ. ಸಖರಾಯಪಟ್ಟಣ, ದೇವನೂರು, ಕಡೂರು, ಬೀರೂರಿನ ಸುತ್ತಲಿನ ಹಳ್ಳಿಗಳಿಂದ ಇದನ್ನು ಆರಂಭಿಸಬಹುದು. ಅಲ್ಲಿನ ಹಿರಿಯರ ಬಾಯಲ್ಲಿ ತೂಬುಗಳ ಹಳೆಯ ಹೆಸರುಗಳು ಇನ್ನೂ ಇವೆ. ಅವರನ್ನು ಕೇಳುವ ಕೆಲಸ ಗ್ರಂಥಾಲಯದ ಕೆಲಸಕ್ಕಿಂತ ಮುಂಚೆ ಆಗಬೇಕು.